ಹಾಲು ಕುಡಿಸುವಾಗ ತೂಕ ಇಳಿಸುವ ಇಂಜೆಕ್ಷನ್: ನಾನು ಕೇಳಿಕೊಂಡು ಅಲೆದದ್ದು

ಮಗಳಿಗೆ ಏಳು ತಿಂಗಳು ತುಂಬಿದಾಗ ನನ್ನ ತೂಕ 78 ಕಿಲೋ. ಎತ್ತರ ಐದಡಿ ಎರಡಿಂಚು. ಲೆಕ್ಕ ಹಾಕಿದರೆ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಅಳತೆ, 31 ದಾಟುತ್ತದೆ, ನಮ್ಮ ದೇಶದವರಿಗೆ 25 ದಾಟಿದರೇ ಬೊಜ್ಜು ಅಂತ ಲೆಕ್ಕ. ಚೆಂದ ಕಾಣಬೇಕು ಅನ್ನೋ ಆಸೆ ಇರಲಿಲ್ಲ ಅಂತ ಸುಳ್ಳು ಹೇಳಲ್ಲ. ಮದುವೆ ಸೀರೆಯ ಬ್ಲೌಸಿನ ತೋಳಿನಲ್ಲಿ ಕೈ ಹೋಗುತ್ತಿರಲಿಲ್ಲ. ಆದರೆ ನಿಜವಾದ ಭಯ ಬೇರೆ ಇತ್ತು. ಬಸಿರಿದ್ದಾಗ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆದರು, ಶುಗರ್ 140 ದಾಟಿತ್ತು. ಹೆರಿಗೆ ಆದಮೇಲೆ ಇಳಿಯಿತು. ಆದರೆ ಬಸಿರಿನಲ್ಲಿ ಒಮ್ಮೆ ಬಂದವರಿಗೆ ಮುಂದೆ ಖಾಯಂ ಶುಗರ್ ಬರೋ ಸಾಧ್ಯತೆ ಜಾಸ್ತಿ. ನಮ್ಮಪ್ಪ ನಲವತ್ತು ದಾಟುವ ಮೊದಲೇ ಗುಳಿಗೆ ಶುರು ಮಾಡಿದವರು. ನಾನು ಆ ಸಾಲಿನಲ್ಲಿ ನಿಲ್ಲೋಕೆ ತಯಾರಿರಲಿಲ್ಲ.

ತೂಕ ಹೇಗೆ ಏರಿತು ಅಂತ ಕೇಳಿದರೆ, ಯಾದಗಿರಿ ಕಡೆಯ ನಮ್ಮ ತವರಿನ ಬಾಣಂತನ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಅಳ್ವಿ ಪಾಯಸ, ನಡುವೆ ಅಂಟಿನುಂಡಿ, ಮಧ್ಯಾಹ್ನ ಬಿಸಿ ರೊಟ್ಟಿ ಮೇಲೆ ತುಪ್ಪ, ಸಂಜೆ ಸಜ್ಜಕ. ಅವ್ವ ಉಂಡಿ ಕಟ್ಟುವಾಗ ಅಂಗೈ ತುಂಬ ತುಪ್ಪ ಇಳಿಯುತ್ತಿತ್ತು, ಒಣ ಕೊಬ್ಬರಿ, ಉತ್ತತ್ತಿ, ಬಾದಾಮಿ, ಹುರಿದ ಅಂಟು, ಬೆಲ್ಲ, ಯಾವುದಕ್ಕೂ ಕೈ ಹಿಡಿತ ಇಲ್ಲ. ತಿನ್ನೋದು ತಪ್ಪು ಅಂತ ಹೇಳ್ತಿಲ್ಲ. ಹಾಲು ಕುಡಿಸುವವಳಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚಿಗೆ ಬೇಕು, ಆಮೇಲಿನ ಆರು ತಿಂಗಳು 520, ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕವೇ ಇದೆ. ನಮ್ಮ ಮನೆಯಲ್ಲಿ ಮಾತ್ರ ಆ 600 ಅನ್ನೋದು ಬೆಳಗಿನ ಹತ್ತು ಗಂಟೆಗೇ ಮುಗಿಯುತ್ತಿತ್ತು.

2025ರ ಮಾರ್ಚ್‌ನಲ್ಲಿ ಮೌಂಜಾರೋ ಅನ್ನೋ ತೂಕ ಇಳಿಸುವ ಇಂಜೆಕ್ಷನ್ ಭಾರತಕ್ಕೆ ಬಂತು. ಹೈದರಾಬಾದಿನಲ್ಲಿರುವ ನಮ್ಮ ದೊಡ್ಡವ್ವನ ಮಗಳು ಶುರು ಮಾಡಿಕೊಂಡಳು. ವಿಡಿಯೋ ಕಾಲ್‌ನಲ್ಲಿ ಅವಳ ಮುಖ ಇಳಿದದ್ದು ನೋಡಿ ನನಗೆ ನಿದ್ದೆ ಬರಲಿಲ್ಲ. ವಾರಕ್ಕೆ ಒಂದೇ ಸೂಜಿ, ಹಸಿವೇ ಆಗಲ್ಲ ಅಂದಳು. ನಾನು ಹಾಲು ಕುಡಿಸ್ತೀನಲ್ಲಕ್ಕಾ ಅಂದೆ. "ಅದಕ್ಕೇನು, ಸೂಜಿ ಹಾಕ್ಕೊಂಡ ಮೇಲೆ ಎರಡು ದಿನ ಡಬ್ಬಿ ಹಾಲು ಕೊಡು, ನಿಂದು ಹಿಂಡಿ ಚೆಲ್ಲು" ಅಂದಳು. ಎಷ್ಟು ಸರಳ ಅಲ್ವಾ? ಈ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಸೂಪರ್ ಮಾರ್ಕೆಟ್ ಕಡೆ ಹೋದಾಗ ಒಂದು ಮೆಡಿಕಲ್‌ನಲ್ಲಿ ಸುಮ್ನೆ ಕೇಳಿದೆ. ಮೇ ತಿಂಗಳ ಕಲಬುರಗಿ ಬಿಸಿಲು, ಸ್ಕಾರ್ಫ್ ಬಿಚ್ಚಿದರೆ ಮುಖ ಸುಡುತ್ತಿತ್ತು. ಅಂಗಡಿಯವನು ಇನ್ಸುಲಿನ್ ಇಡುವ ಫ್ರಿಜ್ ತೆಗೆದು ತೋರಿಸಿದ, ಬೆರಳುದ್ದದ ಪುಟ್ಟ ಸೀಸೆ. "2ರಿಂದ 8 ಡಿಗ್ರಿ ಒಳಗ ಇಡಬೇಕ್ರಿ ಮೇಡಮರೆ, ನಿಮ್ಮ ಮನಿಯಾಗ ಕರೆಂಟ್ ಹೆಂಗದ?" ಅಂತ ಕೇಳಿದ. ಬೇಸಿಗೆಯಲ್ಲಿ ನಮ್ಮ ಏರಿಯಾದ ಕರೆಂಟಿನ ಸುದ್ದಿ ಮಾತಾಡದಿರೋದೇ ಒಳ್ಳೆಯದು. ಕಡಿಮೆ ಡೋಸಿನ ಒಂದು ಸೀಸೆ, ಅಂದರೆ 2.5 ಮಿಲಿಗ್ರಾಂ, ಆಗ 3,500 ರೂಪಾಯಿ ಇತ್ತು. ಅದು ಒಂದು ವಾರಕ್ಕೆ. ತಿಂಗಳಿಗೆ 14,000. ಡಾಕ್ಟರ್ ಚೀಟಿ ಇಲ್ಲದೆ ಕೊಡಲ್ಲ ಅಂದ, ಅದು ಸರಿಯೇ. ಕರೆಂಟ್ ಬಗ್ಗೆ ಕೇಳಿದವನು ಮಗು ಇದೆಯಾ, ಹಾಲು ಕುಡಿಸ್ತೀರಾ ಅಂತ ಮಾತ್ರ ಕೇಳಲಿಲ್ಲ.

ಇಂಜೆಕ್ಷನ್ ದುಬಾರಿ ಅಂತ ಗೊತ್ತಾದ ಮೇಲೆ ಉಳಿದ ಬಾಗಿಲುಗಳೆಲ್ಲ ತೆರೆದವು. ಪರಿಚಯದ ಒಬ್ಬರು ಮನೆಗೇ ಒಂದು ಡಬ್ಬಿ ತಂದರು. ಗಿಡಮೂಲಿಕೆ ಪೌಡರ್, ಬೆಳಿಗ್ಗೆ ಬಿಸಿನೀರಿನಲ್ಲಿ ಎರಡು ಚಮಚ, ಊಟ ಬಿಟ್ಟರೂ ಸುಸ್ತಾಗಲ್ಲವಂತೆ. "ಆಯುರ್ವೇದಿಕ್ ಅದ, ಬಾಣಂತಿಯರೂ ತಗೋತಾರ" ಅಂದರು. ನಾನು ಡಬ್ಬಿ ತಿರುಗಿಸಿ ಮೊಬೈಲ್ ಟಾರ್ಚ್ ಹಾಕಿ ಓದಿದೆ. ಗಾರ್ಸಿನಿಯಾ, ಹಸಿರು ಟೀ ಸತ್ವ, ಸೋನಾಮುಖಿ, ಕೊನೆಗೆ "ಇತರೆ". ಯಾವುದು ಎಷ್ಟು ಅಂತ ಇಲ್ಲ. ತಯಾರಿಸಿದವರ ಪೂರ್ತಿ ವಿಳಾಸವೂ ಇಲ್ಲ. ಸೋನಾಮುಖಿ ಭೇದಿ ಮಾಡಿಸುವ ಎಲೆ, ಅದರಿಂದ ಇಳಿಯೋದು ನೀರು, ಕೊಬ್ಬಲ್ಲ. ಗಾರ್ಸಿನಿಯಾ ಇರುವ ಉತ್ಪನ್ನಗಳಿಂದ ಲಿವರ್‌ಗೆ ಪೆಟ್ಟಾದ ವರದಿಗಳಿವೆ. ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಆ "ಇತರೆ". ಸಿಬುಟ್ರಮಿನ್ ಅಂತ ಒಂದು ಹಸಿವು ಕಟ್ಟುವ ಔಷಧಿ ಇತ್ತು. ಹೃದಯಾಘಾತ, ಲಕ್ವಾ ಜಾಸ್ತಿಯಾಗುತ್ತದೆ ಅಂತ ಗೊತ್ತಾಗಿ 2010ರಲ್ಲಿ ಅಮೆರಿಕ, ಯುರೋಪಿನಲ್ಲಿ ವಾಪಸ್ ತಗೊಂಡರು, 2011ರಲ್ಲಿ ನಮ್ಮಲ್ಲೂ ನಿಷೇಧವಾಯಿತು. ಆದರೆ ಗಿಡಮೂಲಿಕೆ ಅಂತ ಮಾರುವ ತೂಕ ಇಳಿಸುವ ಪುಡಿ, ಕ್ಯಾಪ್ಸೂಲ್‌ಗಳಲ್ಲಿ ಅದನ್ನು ಕದ್ದು ಬೆರೆಸಿರೋದು ಆಮೇಲೂ ಬೇರೆ ಬೇರೆ ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಹೆಸರು ಬರೆದಿರುವ ಔಷಧಿ ಹಾಲಿಗೆ ಹೋಗುತ್ತದಾ ಅಂತ ಯಾರನ್ನಾದರೂ ಕೇಳಬಹುದು. ಹೆಸರೇ ಇಲ್ಲದ್ದನ್ನು ಏನಂತ ಕೇಳೋದು? ಡಬ್ಬಿ ವಾಪಸ್ ಕೊಟ್ಟೆ, ಅವರಿಗೆ ಸಿಟ್ಟು ಬಂತು.

ಆಮೇಲೆ ಒಂದು ಸ್ಲಿಮ್ಮಿಂಗ್ ಸೆಂಟರ್. ಅಲ್ಲಿ ಕೂತವರು ಓರ್ಲಿಸ್ಟಾಟ್ 120 ಮಿಲಿಗ್ರಾಂ, ದಿನಕ್ಕೆ ಮೂರು ಹೊತ್ತು ಊಟದ ಜೊತೆ ಅಂತ ಬರೆದುಕೊಟ್ಟರು. ಹಾಲಿನ ಬಗ್ಗೆ ನಾನೇ ಬಾಯಿಬಿಟ್ಟು ಕೇಳಿದೆ. "ಇದು ರಕ್ತಕ್ಕೇ ಸೇರಲ್ಲ ಮೇಡಂ, ಹಾಲಿಗೆ ಎಲ್ಲಿಂದ ಬರಬೇಕು" ಅಂದರು. ಮಾತು ಅರ್ಧ ನಿಜ. ಓರ್ಲಿಸ್ಟಾಟ್ ಕರುಳಿನಲ್ಲೇ ಇದ್ದು, ತಿಂದ ಕೊಬ್ಬಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಮೈಗೆ ಹತ್ತದಂತೆ ತಡೆಯುತ್ತದೆ. ರಕ್ತಕ್ಕೆ ಸೇರೋದು ತೀರಾ ಕಡಿಮೆ. ಆದರೆ ಆ ಕೊಬ್ಬಿನ ಜೊತೆ ವಿಟಮಿನ್ ಎ, ಡಿ, ಇ, ಕೆ ಕೂಡ ಹೊರಗೆ ಹೋಗುತ್ತವೆ. ಬಾಣಂತಿಯ ಮೈಯಲ್ಲೇ ಡಿ ಕಡಿಮೆಯಾದರೆ ಮಗುವಿಗೆ ಕೊಡೋದು ಏನನ್ನು? ಯುರೋಪಿನ ಲೇಬಲ್‌ನಲ್ಲಿ ಹಾಲುಣಿಸುವವರಿಗೆ ಇದು ಬೇಡವೇ ಬೇಡ ಅಂತ ಬರೆದಿದೆ. ಇನ್ನೊಂದು ಮಾತು, ಎಣ್ಣೆಗಾಯಿ ಪಲ್ಯ ಉಂಡು ಈ ಗುಳಿಗೆ ನುಂಗಿದವರ ಬಟ್ಟೆಯ ಗತಿ ಏನಾಗುತ್ತದೆ ಅಂತ ಅದರ ಚೀಟಿಯಲ್ಲೇ ಮರ್ಯಾದೆಯ ಭಾಷೆಯಲ್ಲಿ ಬರೆದಿರುತ್ತಾರೆ. ನಮ್ಮ ಭಾಗದ ಅಡುಗೆ ಜೊತೆ ಅದು ಬಾಳಲ್ಲ.

ಇಷ್ಟಾದ ಮೇಲೆ ಅತ್ತೆಗೆ ವಿಷಯ ಗೊತ್ತಾಯಿತು. "ಯವ್ವಾ, ಕೂಸು ಹಾಲು ಬಿಡೋತನ ತಡಿ. ಮೈ ಎಲ್ಲಿ ಓಡಿ ಹೋಗ್ತದ?" ಅಂದರು. ಮೈ ಓಡಿ ಹೋಗಲಿ ಅನ್ನೋದೇ ನನ್ನ ಆಸೆ ಅತ್ತಿ ಅಂದೆ. ಇಬ್ಬರೂ ನಕ್ಕೆವು. ಆದರೆ ಮರುದಿನ ಅವರೇ ಮಗುವನ್ನು ನೋಡಿಕೊಳ್ಳುತ್ತೇನೆ, ಸರಿಯಾದ ದೊಡ್ಡ ಡಾಕ್ಟರ ಹತ್ತಿರ ಹೋಗಿ ಬಾ ಅಂತ ಕಳಿಸಿದರು.

ಫಿಜಿಷಿಯನ್ ಮೇಡಂ ಸಿಕ್ಕಿದ್ದು ಸೇಡಂ ರಸ್ತೆ ಕಡೆ. ಅಷ್ಟರಲ್ಲಿ ಜೂನ್ ಬಂದಿತ್ತು, ವೆಗೋವಿ ಅನ್ನೋ ಇನ್ನೊಂದು ಇಂಜೆಕ್ಷನ್ ಕೂಡ ನಮ್ಮ ದೇಶದ ಮಾರ್ಕೆಟ್‌ಗೆ ಬಂದಿತ್ತು. ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ಹೋಗಿದ್ದೆ: ಇದು ಹಾಲಿಗೆ ಹೋಗುತ್ತದಾ? ಅವರು ಅದನ್ನು ಎರಡು ಮಾಡಿದರು. ಔಷಧಿ ಹಾಲಿಗೆ ಹೋಗುತ್ತದಾ ಅನ್ನೋದು ಒಂದು. ಔಷಧಿ ತಗೊಂಡ ಮೇಲೆ ಹಾಲು ಉಳಿಯುತ್ತದಾ ಅನ್ನೋದು ಇನ್ನೊಂದು. ಎಲ್ಲರೂ ಮೊದಲನೆಯದನ್ನೇ ಕೇಳ್ತಾರೆ, ಎರಡನೆಯದನ್ನ ಯಾರೂ ಕೇಳಲ್ಲ ಅಂದರು.

ಮೊದಲನೆಯದಕ್ಕೆ ಅವರು ಕೊಟ್ಟ ಉತ್ತರ ನಾನು ಅಂದುಕೊಂಡಷ್ಟು ಕೆಟ್ಟದಾಗಿರಲಿಲ್ಲ. ವೆಗೋವಿಯಲ್ಲಿರೋದು ಸೆಮಾಗ್ಲುಟೈಡ್. ಅದು ದೊಡ್ಡ ಕಣ, ರಕ್ತದಿಂದ ಹಾಲಿಗೆ ದಾಟೋದು ಕಷ್ಟ. ದಾಟಿದರೂ ಅದು ಪೆಪ್ಟೈಡ್, ಅಂದರೆ ಪ್ರೋಟೀನ್ ಜಾತಿಯದು, ಮಗುವಿನ ಹೊಟ್ಟೆಯಲ್ಲಿ ಬಹುಪಾಲು ಜೀರ್ಣವಾಗಿ ಹೋಗಬೇಕು. 2024ರಲ್ಲಿ ಅಮೆರಿಕದಲ್ಲಿ 8 ತಾಯಂದಿರ ಹಾಲನ್ನು ಇಂಜೆಕ್ಷನ್ ಆದ 12 ಗಂಟೆ, 24 ಗಂಟೆಗೆ ತೆಗೆದು ನೋಡಿದರು, ಅಳತೆಗೆ ಸಿಗುವಷ್ಟು ಔಷಧಿ ಕಾಣಲಿಲ್ಲ. ನಾನು ಖುಷಿಯಾಗಿ ಹಾಗಾದರೆ ಬರೆದುಕೊಡಿ ಮೇಡಂ ಅಂದೆ.

ಅವರು ಪೆನ್ ಕೆಳಗಿಟ್ಟರು. ಎಂಟೇ ಜನ. ಅದೂ 24 ಗಂಟೆವರೆಗೆ, ಈ ಔಷಧಿ ರಕ್ತದಲ್ಲಿ ಪೂರ್ತಿ ಏರೋಕೆ ಒಂದರಿಂದ ಮೂರು ದಿನ ಬೇಕು. ಹಾಲು ಕುಡಿದ ಮಕ್ಕಳು ವರ್ಷಗಟ್ಟಲೆ ಹೇಗೆ ಬೆಳೆದವು ಅಂತ ಆ ಅಧ್ಯಯನ ಹೇಳಲ್ಲ. ಅದಕ್ಕೇ ಯುರೋಪಿನ ಲೇಬಲ್ ಹಾಲುಣಿಸುವಾಗ ಬೇಡ ಅನ್ನುತ್ತದೆ, ಬ್ರಿಟನ್‌ನ ಔಷಧ ನಿಯಂತ್ರಕರು 2025ರ ಜೂನ್‌ನಲ್ಲಿ ಅದನ್ನೇ ಮತ್ತೆ ಹೇಳಿದ್ದರು. ಮೌಂಜಾರೋದಲ್ಲಿರುವ ಟಿರ್ಜೆಪಟೈಡ್ ಕೂಡ ದೊಡ್ಡ ಕಣವೇ, ಆದರೆ ಅದರ ಬಗ್ಗೆ ತಿಳಿದಿರೋದು ಇನ್ನೂ ಕಡಿಮೆ ಅಂದರು.

ಸೂಜಿ ಬೇಡ ಅಂದರೆ ಗುಳಿಗೆ ಇದೆಯಲ್ಲ ಅಂತ ನಾನು ಬಿಡಲಿಲ್ಲ. ಸೆಮಾಗ್ಲುಟೈಡ್ ಗುಳಿಗೆ, ರೈಬೆಲ್ಸಸ್, 2022ರಿಂದಲೇ ಇಲ್ಲಿ ಸಿಗುತ್ತದೆ. ಇಲ್ಲಿ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಗುಳಿಗೆ ಅಂದರೆ ಸೌಮ್ಯ ಅಂತ ನಾವು ಅಂದುಕೊಳ್ಳುತ್ತೇವೆ, ಇಲ್ಲಿ ಉಲ್ಟಾ. ಪೆಪ್ಟೈಡ್ ಹೊಟ್ಟೆಯಲ್ಲಿ ಕರಗಿ ಹಾಳಾಗುತ್ತದೆ, ಅದನ್ನು ಉಳಿಸಿ ರಕ್ತಕ್ಕೆ ದಾಟಿಸೋಕೆ ಗುಳಿಗೆಯಲ್ಲಿ ಸ್ನ್ಯಾಕ್ ಅನ್ನೋ ಇನ್ನೊಂದು ರಾಸಾಯನಿಕ ಸೇರಿಸಿದ್ದಾರೆ. ಅಷ್ಟು ಮಾಡಿದರೂ ನುಂಗಿದ್ದರಲ್ಲಿ ಶೇಕಡಾ 1ರ ಆಸುಪಾಸು ಮಾತ್ರ ಮೈಗೆ ಹತ್ತುತ್ತದೆ. ಆ ಸ್ನ್ಯಾಕ್ ಸಣ್ಣ ಕಣ. ಪ್ರಾಣಿಗಳ ಪರೀಕ್ಷೆಯಲ್ಲಿ ಅದು ಹಾಲಿನಲ್ಲಿ ಸಿಕ್ಕಿದೆ. ಹಾಗಾಗಿ ಹಾಲುಣಿಸುವವರಿಗೆ ಗುಳಿಗೆ ಬೇಡ ಅಂತ ಕಂಪನಿಯ ಚೀಟಿಯಲ್ಲೇ ಇದೆ.

ಅಕ್ಕನ ಐಡಿಯಾ ಹೇಳಿದೆ, ಎರಡು ದಿನ ಹಿಂಡಿ ಚೆಲ್ಲೋದು. ಮೇಡಂ ನಕ್ಕುಬಿಟ್ಟರು. ಸೆಮಾಗ್ಲುಟೈಡ್ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೇ ಒಂದು ವಾರ, ಟಿರ್ಜೆಪಟೈಡ್‌ಗೆ ಐದು ದಿನ. ಅಷ್ಟರಲ್ಲಿ ಮುಂದಿನ ಸೂಜಿ ಬಂದಿರುತ್ತದೆ. ಪೂರ್ತಿ ಮೈಬಿಟ್ಟು ಹೋಗೋಕೆ ಹಲವು ವಾರ ಬೇಕು. ಎರಡು ದಿನದ ಹಾಲು ಚೆಲ್ಲಿ ಮೂರನೇ ದಿನ ಕುಡಿಸಿದರೆ ಯಾವ ಫರಕೂ ಇಲ್ಲ, ಹಾಲು ದಂಡ ಅಷ್ಟೇ.

ಎರಡನೆಯ ಪ್ರಶ್ನೆಗೆ ಅವರು ಹೆಚ್ಚು ಹೊತ್ತು ಕೊಟ್ಟರು. ಈ ಔಷಧಿಗಳ ಕೆಲಸವೇ ಹಸಿವು ಕಟ್ಟೋದು. ಜೊತೆಗೆ ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ, ಅದರಲ್ಲೂ ಶುರುವಿನ ವಾರಗಳಲ್ಲಿ, ಡೋಸ್ ಏರಿಸಿದಾಗ. ಹಾಲುಣಿಸುವ ತಾಯಿ ದಿನಕ್ಕೆ ಮುಕ್ಕಾಲು ಲೀಟರ್ ಹಾಲು ಮಾಡುತ್ತಾಳೆ. ಅದಕ್ಕೆ ನೀರು ಬೇಕು, ಅನ್ನ ಬೇಕು, ಪ್ರೋಟೀನ್ ಬೇಕು. "ನೀವು ಅರ್ಧ ರೊಟ್ಟಿ ಉಂಡು ಸಾಕು ಅಂತ ಏಳ್ತೀರಿ, ನಮ್ಮೂರ ಬಿಸಿಲಾಗ ಎರಡು ಸಲ ವಾಂತಿ ಮಾಡ್ಕೋತೀರಿ. ಔಷಧಿ ಹಾಲಿಗೆ ಹೋಗದಿದ್ದರೂ ಕೂಸಿಗೆ ಹಾಲು ಎಲ್ಲಿಂದ ಬರ್ತದ?" ಅಂದರು. ಇಷ್ಟು ಸೀದಾ ಯಾರೂ ನನಗೆ ಹೇಳಿರಲಿಲ್ಲ. ಅಷ್ಟು ದಿನ ನಾನು ಓದಿದ್ದೆಲ್ಲ ಹಾಲಿನಲ್ಲಿ ಔಷಧಿ ಎಷ್ಟು ಅನ್ನೋದರ ಬಗ್ಗೆ. ಹಾಲೇ ಎಷ್ಟು ಅನ್ನೋದು ತಲೆಗೆ ಬಂದೇ ಇರಲಿಲ್ಲ.

ಹಾಗಂತ ಬರಿಗೈಲಿ ಕಳಿಸಲಿಲ್ಲ. ನನಗೆ ಅವರಲ್ಲಿ ಹಿಡಿಸಿದ್ದೇ ಇದು. ಕೆಲವರು ಬೇಡ ಅಂತ ಹೇಳಿ ಕೈ ತೊಳೆದುಕೊಳ್ತಾರೆ, ಆಮೇಲೆ ನಾವು ಡಬ್ಬಿಯವರ ಹತ್ತಿರ ಹೋಗ್ತೀವಿ. ಮೊದಲು ಥೈರಾಯ್ಡ್ ಟೆಸ್ಟ್ ಬರೆದರು, ಹೆರಿಗೆಯಾದ ವರ್ಷದಲ್ಲಿ ಅದು ಏರುಪೇರಾಗೋದು ಅಪರೂಪವಲ್ಲ. ನನ್ನದು ಸರಿ ಇತ್ತು. ಮತ್ತೆ ಗ್ಲೂಕೋಸ್ ಕುಡಿಸುವ ಟೆಸ್ಟ್. ಹೆರಿಗೆಯ 6ರಿಂದ 12 ವಾರದೊಳಗೆ ಇದನ್ನು ಮಾಡಿಸಬೇಕಂತೆ, ತವರಿನಲ್ಲಿದ್ದಾಗ ನನಗೆ ಯಾರೂ ಹೇಳಿರಲಿಲ್ಲ. ರಿಪೋರ್ಟ್ ಬಾರ್ಡರ್‌ನಲ್ಲಿ ಬಂತು. ಶುಗರ್ ಅಲ್ಲ, ಆದರೆ ಹೊಸ್ತಿಲಲ್ಲಿ ನಿಂತಿದೆ.

ಅದಕ್ಕೆ ಮೆಟ್‌ಫಾರ್ಮಿನ್ ಬರೆದರು. ಇದು ಹಾಲಿಗೆ ಹೋಗಲ್ವಾ ಅಂತ ಮತ್ತೆ ಅದೇ ರಾಗ ತೆಗೆದೆ. ಹೋಗುತ್ತದೆ, ತಾಯಿಯ ತೂಕಕ್ಕೆ ಬೀಳುವ ಡೋಸಿಗೆ ಹೋಲಿಸಿದರೆ ಮಗುವಿನ ತೂಕಕ್ಕೆ ಸಿಗೋದು ಶೇಕಡಾ 1ಕ್ಕಿಂತ ಕಡಿಮೆ ಅಂದರು. ಡಾಕ್ಟರುಗಳು ಸಾಮಾನ್ಯವಾಗಿ ಇದು ಶೇಕಡಾ 10ರ ಒಳಗಿದ್ದರೆ ಪರವಾಗಿಲ್ಲ ಅನ್ನುತ್ತಾರೆ. ನೋಡಿ, ಎಷ್ಟು ವಿಚಿತ್ರ. ಹಾಲಿನಲ್ಲಿ ಕಾಣದ ಔಷಧಿಗೆ ಬೇಡ, ಹಾಲಿನಲ್ಲಿ ಕಾಣುವ ಔಷಧಿಗೆ ಸೈ. ಯಾಕೆಂದರೆ ಮೆಟ್‌ಫಾರ್ಮಿನ್ ತಗೊಂಡು ಹಾಲುಣಿಸಿದ ತಾಯಂದಿರನ್ನು ಡಾಕ್ಟರುಗಳು ವರ್ಷಗಳಿಂದ ನೋಡಿದ್ದಾರೆ, ಮಕ್ಕಳನ್ನೂ ನೋಡಿದ್ದಾರೆ. ಇದು ತೂಕ ಇಳಿಸುವ ಮಾತ್ರೆ ಅಲ್ಲ, ಶುಗರ್‌ಗೆ ಕೊಡ್ತಿದ್ದೀನಿ ಅಂತ ಎಚ್ಚರಿಕೆಯನ್ನೂ ಕೊಟ್ಟರು. ನನ್ನ ರಿಪೋರ್ಟ್ ನೋಡಿ ನನಗೆ ಬರೆದದ್ದು, ಇದನ್ನು ಓದಿ ಅಂಗಡಿಗೆ ಓಡಬೇಡಿ. ಕಿಡ್ನಿ ತೊಂದರೆ ಇದ್ದವರ, ತಿಂಗಳು ತುಂಬದೆ ಹುಟ್ಟಿದ ಮಕ್ಕಳ ವಿಚಾರ ಬೇರೆ.

ತೂಕಕ್ಕೆ ಹೇಳಿದ್ದು ಹಳೆಯ ದಾರಿಯೇ, ಆದರೆ ಅಳತೆ ಹಾಕಿ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ತೂಕ ಜಾಸ್ತಿ ಇದ್ದ, ಹಾಲುಣಿಸುವ 40 ತಾಯಂದಿರ ಮೇಲೆ ನೋಡಿದ್ದರಂತೆ: ಅವರಲ್ಲಿ ಸುಮಾರು ಅರ್ಧ ಜನಕ್ಕೆ ದಿನಕ್ಕೆ 500 ಕ್ಯಾಲೊರಿ ಕಡಿಮೆ, ವಾರಕ್ಕೆ ನಾಲ್ಕು ದಿನ ಮುಕ್ಕಾಲು ಗಂಟೆ ವ್ಯಾಯಾಮ, ಅವರು ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿದರು, ಮಕ್ಕಳ ಬೆಳವಣಿಗೆಗೆ ಏನೂ ಆಗಲಿಲ್ಲ. ನಮ್ಮ ಮನೆಯಲ್ಲಿ ಆ 500 ಹುಡುಕೋದು ಕಷ್ಟವಾಗಲಿಲ್ಲ. ಅಂಟಿನುಂಡಿ ನಿಂತಿತು. ರೊಟ್ಟಿ ನಿಲ್ಲಲಿಲ್ಲ, ಅದರ ಮೇಲಿನ ತುಪ್ಪ ಒಂದು ಚಮಚಕ್ಕೆ ಇಳಿಯಿತು. ತೊಗರಿಬೇಳೆ, ಮಡಕಿಕಾಳು, ಮೊಟ್ಟೆ, ಮೊಸರು ಜಾಸ್ತಿಯಾದವು, ಪುಂಡಿಪಲ್ಯ ಹೇಗೂ ಇತ್ತು. ಶೇಂಗಾ ಹಿಂಡಿಯನ್ನು ಚಮಚದಲ್ಲಿ ಅಳೆದು ಹಾಕಿಕೊಳ್ಳೋದು ನೋಡಿ ನಮ್ಮ ಮನೆಯವರು ಬಂಗಾರ ತೂಗ್ತೀಯಾ ಅಂತ ಕಾಡಿಸುತ್ತಿದ್ದರು. ಬೆಳಿಗ್ಗೆ ಬಿಸಿಲೇರುವ ಮೊದಲು ಅಪ್ಪನ ಕೆರೆ ಸುತ್ತ ನಡಿಗೆ, ಮಗಳು ಅಜ್ಜಿ ಹತ್ತಿರ.

ಮಗುವಿನ ಕಡೆಯ ಲೆಕ್ಕವೂ ಜೊತೆಗೇ ಇತ್ತು. ದಿನಕ್ಕೆ ಎಷ್ಟು ಸಲ ಉಚ್ಚೆ, ಎಷ್ಟು ಗೆಲುವಾಗಿದ್ದಾಳೆ, ಮತ್ತು ತಿಂಗಳಿಗೊಮ್ಮೆ ಅಂಗನವಾಡಿಯ ತಕ್ಕಡಿ. ತಾಯಿ ಕಾರ್ಡಿನ ಬೆಳವಣಿಗೆ ಗೆರೆಯ ಮೇಲೆ ಅಂಗನವಾಡಿ ಅಕ್ಕ ಚುಕ್ಕಿ ಇಡುವಾಗ ನನ್ನ ತೂಕ ಮರೆತೇ ಹೋಗುತ್ತಿತ್ತು. ಒಂದು ತಿಂಗಳು ಗೆರೆ ಮಲಗಿದಂತೆ ಕಂಡಿತು, ಎದೆ ಧಸಕ್ಕಂತು. ಹಲ್ಲು ಬರುವ ಹೊತ್ತು, ಜ್ವರ ಬಂದಿತ್ತು. ಮುಂದಿನ ತಿಂಗಳು ಏರಿತು. ಆ ತಿಂಗಳು ನಾನು ಇಂಜೆಕ್ಷನ್ ಮೇಲಿದ್ದಿದ್ದರೆ ಯಾವುದರಿಂದ ಹೀಗಾಯಿತು ಅಂತ ಹೇಗೆ ಗೊತ್ತಾಗುತ್ತಿತ್ತೋ ನನಗಂತೂ ಗೊತ್ತಿಲ್ಲ.

ಈಗ ತೂಕ 71ರ ಆಸುಪಾಸು ನಿಂತಿದೆ. ಅಕ್ಕನ ಹಾಗೆ ಮುಖ ಇಳಿದಿಲ್ಲ. ಬ್ಲೌಸಿನ ತೋಳಿನಲ್ಲಿ ಕೈ ಹೋಗುತ್ತದೆ, ಹುಕ್ಕು ಹತ್ತಲ್ಲ. ಇಂಜೆಕ್ಷನ್ ಆಸೆ ಪೂರ್ತಿ ಬಿಟ್ಟಿದ್ದೀನಿ ಅಂತಲೂ ಹೇಳಲ್ಲ. ಮಗಳು ಈಗ ವರ್ಷ ದಾಟಿ ರಾತ್ರಿ ಮಾತ್ರ ಕುಡಿಯುತ್ತಾಳೆ. ಪೂರ್ತಿ ಬಿಟ್ಟ ಮೇಲೆ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಶುಗರ್ ಸರಾಸರಿ ಹೇಳುವ ರಕ್ತದ ಟೆಸ್ಟ್, ಮಾಡಿಸಿಕೊಂಡು ಬನ್ನಿ, ಬೇಕಾದರೆ ಆಗ ಯೋಚಿಸೋಣ ಅಂದಿದ್ದಾರೆ ಮೇಡಂ. ಆಗಲೂ ಒಂದು ಷರತ್ತಿದೆ. ಇಂಜೆಕ್ಷನ್ ಮೇಲಿರುವಾಗ ಬಸಿರಾಗಬಾರದು. ಸೆಮಾಗ್ಲುಟೈಡ್ ಆದರೆ ಬಸಿರಿಗೆ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಆದರೆ ಬಾಯಿಂದ ತಗೊಳ್ಳುವ ಗರ್ಭನಿರೋಧಕ ಗುಳಿಗೆಯ ಶಕ್ತಿ ಕುಗ್ಗುತ್ತದೆ, ಶುರು ಮಾಡಿದಾಗ ನಾಲ್ಕು ವಾರ, ಪ್ರತಿ ಸಲ ಡೋಸ್ ಏರಿಸಿದಾಗ ಮತ್ತೆ ನಾಲ್ಕು ವಾರ ಬೇರೆ ವ್ಯವಸ್ಥೆ ಇರಬೇಕು. ಅಂದರೆ ಎರಡನೇ ಮಗು ಬೇಕಾ, ಬೇಕಾದರೆ ಯಾವಾಗ ಅನ್ನೋದು ಮೊದಲು ತೀರ್ಮಾನವಾಗಬೇಕು. ನಾನು, ನಮ್ಮ ಮನೆಯವರು ಅದನ್ನಿನ್ನೂ ಕೂತು ಮಾತಾಡಿಲ್ಲ. ಅತ್ತೆ ಮಾತ್ರ ತೀರ್ಮಾನ ಮಾಡಿ ಮುಗಿಸಿದ್ದಾರೆ.